ಬೆಳಗಾದರೆ ಖಾಲಿಯಾಗುವ ಟ್ರಂಕು

ಆ ಕೋಣೆಯಲ್ಲಿ ಮಂಚದ ಕೆಳಗಿನ ಜಾಗ ಒಂದು ಗೇಣು, ಮೇಲೆ ನಾಲ್ಕು ಬೆರಳು. ಹಾಸ್ಟೆಲ್ ನೋಡಲು ಹೋದ ದಿನ ಅಪ್ಪ ನೆಲಕ್ಕೆ ಮಂಡಿಯೂರಿ ಅಳೆದುಕೊಂಡು ಬಂದಿದ್ದ. ಪಾರ್ಸೆಲ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಊರವರ ಸಾಮಾನು ಕಟ್ಟಿ ಕಳಿಸಿದ ಮನುಷ್ಯ ಅವನು. ಗಾಜಿನ ಲೋಟವನ್ನು ಹುಲ್ಲಿನ ನಡುವೆ ಕೂರಿಸುವಂತೆ ಮಗಳನ್ನೂ ಪೆಟ್ಟಿಗೆಯಲ್ಲಿ ಕೂರಿಸಿ, ಮೇಲೆ 'ಜೋಪಾನ, ಒಡೆಯುವ ವಸ್ತು' ಎಂದು ಬರೆದು ಕಳಿಸುವ ಹಾಗಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

"ಸಾಮಾನು ಮಲಗಬಾರ್ದು, ಕೂತ್ಕೋಬೇಕು," ಎನ್ನುತ್ತ ಅವನು ಬಟ್ಟೆಗಳನ್ನು ಸುರುಳಿ ಸುತ್ತಿ ಟ್ರಂಕಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ. "ಮಲಗಿದ್ದು ಸುಮ್ನೆ ಜಾಗ ತಿನ್ನುತ್ತೆ."

"ನಿಮ್ಮ ಹಾಗೆ," ಎಂದಳು ಅಮ್ಮ, ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ. ಅವಳು ಒಂದೊಂದು ಬಟ್ಟೆಯ ಅಂಚಿಗೂ ಕೆಂಪು ದಾರದಲ್ಲಿ ಸಣ್ಣ ಗುರುತು ಹಾಕುತ್ತಿದ್ದಳು. ಮೂವರು ಹುಡುಗಿಯರ ಬಟ್ಟೆ ಒಂದೇ ಹಗ್ಗದ ಮೇಲೆ ಒಣಗುವಾಗ ಯಾವುದು ಯಾರದ್ದೆಂದು ತಿಳಿಯಬೇಕಲ್ಲ.

ಕಡ್ಡಿ ಇಬ್ಬರ ನಡುವೆ ಕುಳಿತು ಕಾಲುಚೀಲ ಮಡಿಸುತ್ತಿದ್ದಳು. ಉದ್ದಕ್ಕೆ, ತೆಳ್ಳಗೆ ಬೆಳೆದದ್ದರಿಂದ ಮನೆಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ. ಅವಳ ಕೈ ಕಾಲುಚೀಲದ ಮೇಲಿದ್ದರೂ ಮನಸ್ಸು ಆ ಕೋಣೆಯಲ್ಲೇ ಸಿಕ್ಕಿಕೊಂಡಿತ್ತು. ಮೂರು ಮಂಚ, ಒಂದು ಮೇಜು, ಒಂದು ಕಪಾಟು. ಮಂಚಗಳ ನಡುವೆ ಅಡ್ಡವಾಗಿ ತಿರುಗಿದರೆ ಮಾತ್ರ ನಡೆಯಬಹುದು. ಅದೆಲ್ಲ ಹಾಳಾಗಿ ಹೋಗಲಿ, ಕೋಣೆ ಇದ್ದದ್ದು ಮೂರನೇ ಮಹಡಿಯಲ್ಲಿ. ಮೂರನೇ ಮಂಚದ ಕಾಲ ಬುಡದಲ್ಲಿ ಬಾಲ್ಕನಿಯ ಬಾಗಿಲು. ಆ ಬಾಲ್ಕನಿಯ ಗೋಡೆ ಅವಳ ಮಂಡಿಯವರೆಗೂ ಬರುತ್ತಿರಲಿಲ್ಲ. "ಕೊನೆಗೆ ಬಂದೋರಿಗೆ ಬಾಗಿಲ ಹತ್ರದ ಮಂಚ," ಎಂದಿದ್ದರು ವಾರ್ಡನ್ ಮೇಡಂ, ಏನೋ ಬಹುಮಾನ ಕೊಡುವವರಂತೆ ನಗುತ್ತ. ದೂರದಿಂದ ಹೋಗುವ ಕಡ್ಡಿಯೇ ಕೊನೆಯವಳೆಂಬುದರಲ್ಲಿ ಅನುಮಾನವಿರಲಿಲ್ಲ.

ಯಾಕೆ ಅಷ್ಟು ಭಯವೆಂದರೆ, ಕಡ್ಡಿ ನಿದ್ದೆಯಲ್ಲಿ ನಡೆಯುವ ಹುಡುಗಿ. ಅವಳಿಗೆ ಆರು ವರ್ಷವಾಗಿದ್ದಾಗ ಒಂದು ಮುಂಜಾವ, ಬೀದಿಯ ತುದಿಯ ಕಾಲುವೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಹಿಡಿದು ನಿಲ್ಲಿಸಿದವಳು ಅಜ್ಜಿ. ಅಜ್ಜಿಯ ಕೂಗಿಗೆ ಬೀದಿಗೆ ಬೀದಿಯೇ ಎದ್ದು ಬಂದಿತ್ತು. ಅಂದಿನಿಂದ ಅಜ್ಜಿ ಮೊಮ್ಮಗಳನ್ನು ತನ್ನ ಮಗ್ಗುಲಲ್ಲೇ ಮಲಗಿಸಿಕೊಂಡು, ಒಂದು ಲಾಡಿಯ ಒಂದು ತುದಿಯನ್ನು ಅವಳ ಮಣಿಕಟ್ಟಿಗೂ ಇನ್ನೊಂದನ್ನು ತನ್ನ ಮಣಿಕಟ್ಟಿಗೂ ಕಟ್ಟಿಕೊಂಡು ಮಲಗುತ್ತ ಬಂದಳು. ಹನ್ನೊಂದು ವರ್ಷ! ಲಾಡಿ ಸವೆದಾಗಲೆಲ್ಲ ಅಮ್ಮ ಹೊಸದು ಹೊಲಿದು ಕೊಡುತ್ತಿದ್ದಳು. ಎಷ್ಟೋ ಸಲ ಕೈ ಜಗ್ಗಿದಂತಾಗಿ ಕಡ್ಡಿಗೆ ಎಚ್ಚರವಾಗುತ್ತಿತ್ತು. ಕಣ್ಣು ಬಿಟ್ಟರೆ ಅಜ್ಜಿ ಹಾಸಿಗೆಯ ಮೇಲೆ ಎದ್ದು ಕುಳಿತಿರುತ್ತಿದ್ದಳು. "ಮತ್ತೆ ಹೊರಟಿದ್ಯಲ್ಲೇ ಮಗಾ," ಎಂದು ತಲೆ ಸವರಿ ಮಲಗಿಸುತ್ತಿದ್ದಳು.

ಕಾಲುವೆಯ ಬಗ್ಗೆ ಕಡ್ಡಿಗೆ ನೆನಪಿದ್ದದ್ದು ಒಂದೇ. ಮುಂದೆ ಯಾರೋ ನಡೆಯುತ್ತಿದ್ದರು. ಬಿಳಿ ಶಾಲು ಹೊದ್ದ ಒಂದು ಬೆನ್ನು. ಅದನ್ನು ಆಗಲೇ ಅಜ್ಜಿಗೆ ಹೇಳಿದಾಗ ಅಜ್ಜಿಯ ಮುಖದ ರಕ್ತ ಇಂಗಿಹೋಗಿತ್ತು. ಆಮೇಲೆ ಅಜ್ಜಿಯ ಕತೆಗಳ ಗಂಟಿಗೆ ಹೊಸದೊಂದು ಸೇರಿಕೊಂಡಿತು. ಅದರಲ್ಲಿ ಬರುವವಳ ಹೆಸರು 'ಮುಂದೆ ನಡೆಯುವವಳು.' ಅವಳು ಯಾರ ಕಡೆಗೂ ತಿರುಗಿ ನೋಡುವುದಿಲ್ಲ. ಕರೆಯುವುದೂ ಇಲ್ಲ. ಸುಮ್ಮನೆ ಮುಂದೆ ನಡೆಯುತ್ತಾಳೆ. ಮಕ್ಕಳು ತಾವಾಗಿ ಹಿಂದೆ ಹೋಗುತ್ತಾರೆ. ಕಡ್ಡಿಗೆ ಹದಿನೇಳು ತುಂಬಿದ್ದರೂ ಬಿಳಿ ಬಟ್ಟೆ ಹಗ್ಗದ ಮೇಲೆ ಗಾಳಿಗೆ ಆಡಿದರೆ ಇವತ್ತಿಗೂ ಎದೆ ಝಲ್ಲೆನ್ನುತ್ತಿತ್ತು.

ಹಾಸ್ಟೆಲ್ ಅರ್ಜಿಯಲ್ಲಿ 'ಕಾಯಿಲೆ ಏನಾದರೂ ಇದೆಯೇ' ಎಂಬ ಸಾಲಿನ ಮುಂದೆ ಅಪ್ಪ 'ಇಲ್ಲ' ಎಂದು ಬರೆದಿದ್ದ.

"ನಡಿಯೋದೂ ಒಂದು ಕಾಯ್ಲೇನಾ? ನಮ್ಮ ಆಫೀಸಲ್ಲಿ ಎಷ್ಟೋ ಜನ ಕೂತಲ್ಲಿಂದ ಏಳೋದೇ ಇಲ್ಲ, ಅದು ಕಾಯ್ಲೆ," ಎಂದು ನಗಲು ನೋಡಿದ್ದ. ಯಾರೂ ನಕ್ಕಿರಲಿಲ್ಲ.

ಹೊರಡಲು ಒಂದು ವಾರವಿರುವಾಗ ಕಡ್ಡಿಯೇ ಒಂದು ಮಾತು ಎತ್ತಿದಳು. "ಅಜ್ಜಿ, ಇವತ್ತಿಂದ ಲಾಡಿ ಬೇಡ. ಬೇರೆ ಮಂಚದಲ್ಲಿ ಮಲಗ್ತೀನಿ. ಅಲ್ಲಿ ಹೋದ್ಮೇಲೆ ಏನಾಗುತ್ತೋ ಅದು ಇಲ್ಲೇ ಆಗಿಬಿಡ್ಲಿ."

ಅಜ್ಜಿ ಒಪ್ಪಲಿಲ್ಲ, ಅತ್ತಳು, ಊಟ ಬಿಟ್ಟಳು, ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದಳು. ಕಡ್ಡಿಯ ಮಂಚ ಅದೇ ಕೋಣೆಯಲ್ಲಿ, ತನ್ನ ಕಣ್ಣ ಮುಂದೆಯೇ ಇರಬೇಕು. ತಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ.

ಮೊದಲ ಬೆಳಗ್ಗೆ ಏನೂ ಆಗಿರಲಿಲ್ಲ. ಕಡ್ಡಿ ತನ್ನ ಕೈ ಕಾಲು ಮುಟ್ಟಿ ನೋಡಿಕೊಂಡು ನಕ್ಕಳು. ಅಪ್ಪ ಕಾಫಿ ಕುಡಿಯುತ್ತ, "ನೋಡಿದ್ರಾ, ಸರಕು ಸುರಕ್ಷಿತ," ಎಂದ.

ಎರಡನೆಯ ಬೆಳಗ್ಗೆ ಟ್ರಂಕಿನ ತಳದಲ್ಲಿದ್ದ ಕಂಬಳಿ ಕಡ್ಡಿಯ ಮೈ ಮೇಲಿತ್ತು.

"ಚಳಿ ಆಗಿ ತಗೊಂಡಿರ್ಬೇಕು ಬಿಡು," ಎಂದಳು ಅಮ್ಮ. ಆದರೆ ಅಪ್ಪ ಟ್ರಂಕಿನ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿದ. ಸುರುಳಿಗಳು ಹಾಗೆಯೇ ಇದ್ದವು, ಸಾಲೂ ಹಾಗೆಯೇ ಇತ್ತು, ಆದರೆ ಒಂದೂ ಅವನು ಕೂರಿಸಿದ ಹಾಗೆ ಕುಳಿತಿರಲಿಲ್ಲ. ಯಾರೋ ಎಲ್ಲವನ್ನೂ ತೆಗೆದು, ಕಂಬಳಿ ಎಳೆದುಕೊಂಡು, ಮತ್ತೆ ಜೋಡಿಸಿದ್ದರು. ಕತ್ತಲಲ್ಲಿ. ಕಿರ್ ಎನ್ನುವ ಆ ಮುಚ್ಚಳವನ್ನು ಸದ್ದಿಲ್ಲದೆ ಎತ್ತಿ.

ಮೂರನೆಯ ಬೆಳಗ್ಗೆ ಅವಳ ತಟ್ಟೆ ಲೋಟ ಅಡುಗೆಮನೆಯ ಶೆಲ್ಫಿನಲ್ಲಿದ್ದವು, ಯಾವತ್ತೂ ಇರುವ ಜಾಗದಲ್ಲಿ. ನಾಲ್ಕನೆಯ ಬೆಳಗ್ಗೆ ಟ್ರಂಕು ಪೂರ್ತಿ ಖಾಲಿ. ಬಟ್ಟೆ ಕಪಾಟಿನಲ್ಲಿ, ಪುಸ್ತಕ ಗೂಡಿನಲ್ಲಿ, ಬಾಚಣಿಗೆ ಕನ್ನಡಿಯ ಕೆಳಗೆ. ಯಾರೂ ಎಲ್ಲಿಗೂ ಹೊರಟೇ ಇಲ್ಲವೆಂಬಂತೆ ಮನೆ ತನ್ನ ಸಾಮಾನನ್ನೆಲ್ಲ ವಾಪಸು ತೆಗೆದುಕೊಂಡಿತ್ತು.

ಕಡ್ಡಿ ತನ್ನದೇ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ಈ ಬೆರಳುಗಳು ತಾನು ಮಲಗಿದ ಮೇಲೆ ಏನೇನು ಮಾಡುತ್ತವೆ?

"ನಾನು ರೆಪ್ಪೆ ಮುಚ್ಚಿಲ್ಲ ಕಣೋ," ಎಂದಳು ಅಜ್ಜಿ ಮಗನಿಗೆ. "ಆದ್ರೂ ಒಂದು ಸದ್ದು ಕೇಳಿಲ್ಲ. ಗಾಳಿ ನಡೆದ ಹಾಗೆ ನಡೀತಾಳೆ. ಕಳಿಸ್ಬೇಡ ಇವಳನ್ನ. ಅಲ್ಲಿ ಯಾರಿದ್ದಾರೆ ಹಿಡ್ಕೊಳ್ಳೋಕೆ?"

"ಅತ್ತೆ, ಹೆದರಿರೋ ಮಗೂನ ಇನ್ನೂ ಹೆದರಿಸ್ಬೇಡಿ," ಎಂದಳು ಅಮ್ಮ.

"ಹೆದರ್ಕೊಂಡೇ ಬದುಕಿರೋದು ಅವಳು. ಧೈರ್ಯ ಮಾಡಿದ್ರೆ ಅವತ್ತೇ ಹೋಗ್ತಿದ್ಳು."

ಕಡ್ಡಿಗೆ ಈಗ ಒಂದಲ್ಲ, ಎರಡು ಭಯ. ಬಾಲ್ಕನಿಯ ಗೋಡೆ ಒಂದು. ಇನ್ನೊಂದು ಅದಕ್ಕಿಂತ ಕೆಟ್ಟದ್ದು: ಅಲ್ಲಿ ತಾನು ತನ್ನ ಟ್ರಂಕನ್ನೇ ತೆರೆಯುತ್ತೇನೆಂದು ಯಾವ ಭರವಸೆ? ಮೂರು ಮಂಚದ ಕೆಳಗೆ ಮೂರು ಟ್ರಂಕು. ಬೇರೆಯವರ ಬಟ್ಟೆ ತನ್ನ ಶೆಲ್ಫಿನಲ್ಲಿ ಸಿಕ್ಕರೆ ನಿದ್ದೆಯಲ್ಲಿ ತೆಗೆದದ್ದೆಂದು ಯಾರು ನಂಬುತ್ತಾರೆ? ಕಳ್ಳಿ ಎನ್ನುತ್ತಾರೆ. ಮೊದಲ ವಾರದಲ್ಲೇ.

ಅಪ್ಪ ಅವತ್ತು ಆಫೀಸಿನಿಂದ ಬಂದವನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕುಳಿತ. "ನೋಡು ಮಗಳೇ, ಇನ್ನೊಂದು ಬೆಳಗ್ಗೆ ಹೀಗಾದ್ರೆ ಸೀಟು ಬಿಟ್ಬಿಡೋಣ. ಇಲ್ಲೇ ಏನಾದ್ರೂ ಓದ್ಕೋ. ನಾನೇ ಫೋನ್ ಮಾಡಿ ಹೇಳ್ತೀನಿ."

ಆ ಸೀಟಿಗಾಗಿ ಕಡ್ಡಿ ಎರಡು ವರ್ಷ ಓದಿದ್ದಳು. ಅದು ಊರಿನಲ್ಲಿ ಸಿಗುವ ಓದಲ್ಲ. ಅವಳಿಗೆ ಅಳು ಬರಲಿಲ್ಲ. ಕಪಾಟಿನ ಬಟ್ಟೆಗಳನ್ನು ತಂದು ಅಪ್ಪನ ಮುಂದೆ ಇಟ್ಟಳು. ಅಪ್ಪ ಮತ್ತೊಮ್ಮೆ ಟ್ರಂಕು ತುಂಬಿದ. ಈ ಸಲ ಅವನ ಕೈಯಲ್ಲಿ ಮೊದಲಿನ ಉತ್ಸಾಹವಿರಲಿಲ್ಲ.

ದೀಪ ಆರಿಸುವ ಮೊದಲು ಕಡ್ಡಿ ಟ್ರಂಕಿನಿಂದ ಒಂದೇ ಒಂದು ವಸ್ತುವನ್ನು ಹೊರತೆಗೆದಳು: ಹಾಸ್ಟೆಲ್ಲಿಗೆಂದು ಕೊಂಡ ಹೊಸ ಪೌಡರ್ ಡಬ್ಬಿ. ಅಜ್ಜಿ ಮಗ್ಗುಲಾದ ಮೇಲೆ ಎರಡು ಮಂಚಗಳ ನಡುವೆ, ಟ್ರಂಕಿನ ಸುತ್ತ, ಬಾಗಿಲವರೆಗೆ ತೆಳ್ಳಗೆ ಉದುರಿಸಿದಳು. ತಾನು ನಡೆಯುತ್ತೇನೋ ಇಲ್ಲವೋ ಎಂಬ ಅನುಮಾನ ಅವಳಿಗೆ ಉಳಿದಿರಲಿಲ್ಲ. ಎಷ್ಟು ದೂರ ನಡೆಯುತ್ತೇನೆ ಎಂಬುದು ತಿಳಿಯಬೇಕಿತ್ತು.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬೆಳಕು ಹರಿದಿತ್ತು. ನೆಲ ನೋಡಲು ಧೈರ್ಯ ಸಾಲದೆ ಸ್ವಲ್ಪ ಹೊತ್ತು ಸೂರು ನೋಡುತ್ತ ಮಲಗಿದಳು. ಆಮೇಲೆ ತಲೆ ತಿರುಗಿಸಿದಳು.

ಹೆಜ್ಜೆಗಳಿದ್ದವು. ಬರಿಗಾಲಿನ ಹೆಜ್ಜೆಗಳು. ಟ್ರಂಕಿನ ಹತ್ತಿರ ಒತ್ತೊತ್ತಾಗಿ, ಕಪಾಟಿಗೆ ಹೋಗಿ ಬಂದು, ಅವಳ ಮಂಚದ ಪಕ್ಕ ಬಹಳ ಹೊತ್ತು ನಿಂತಂತೆ ಕಲಸಿಕೊಂಡು, ಅಲ್ಲಿಂದ ಬಾಗಿಲ ಕಡೆಗೆ. ಹೋಯಿತು, ಸೀಟು ಹೋಯಿತು ಎಂದುಕೊಂಡು ಎದ್ದು ಕುಳಿತಳು. ಯಾಕೋ ತನ್ನ ಕಾಲನ್ನು ಎತ್ತಿ ಅಂಗಾಲು ನೋಡಿಕೊಂಡಳು.

ಅಂಗಾಲು ಸ್ವಚ್ಛವಾಗಿತ್ತು. ಇನ್ನೊಂದು ಕಾಲು ನೋಡಿದಳು. ಅದೂ ಸ್ವಚ್ಛ.

ಎದುರಿನ ಮಂಚದಲ್ಲಿ ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಚ್ಚರವಿರುವಾಗ ಮನೆಯೊಳಗೂ ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಡದ ಅಜ್ಜಿ. ಹೊದಿಕೆಯಿಂದ ಹೊರಗೆ ಚಾಚಿದ ಅವಳ ಎರಡೂ ಅಂಗಾಲು ಹಿಟ್ಟು ಮೆತ್ತಿದಂತೆ ಬೆಳ್ಳಗಿದ್ದವು. ಹೆಗಲ ಮೇಲೆ ಬಿಳಿ ಶಾಲು.

ಆ ಬೆನ್ನು.

ಕೂಗಲು ಬಾಯಿ ತೆರೆದ ಕಡ್ಡಿ, ಕೂಗದೆ ಮಂಚದ ಅಂಚನ್ನು ಹಿಡಿದುಕೊಂಡಳು. ಹನ್ನೊಂದು ವರ್ಷದಿಂದ ನೆನಪಿನಲ್ಲಿದ್ದ ಬೆನ್ನು ಅದು. ಆ ಬೆನ್ನಿನ ಹಿಂದೆಯೇ ತಾನು ಕಾಲುವೆಗೆ ಇಳಿದದ್ದು. ನೀರು ತಾಗಿ ಎಚ್ಚರವಾದ ಅಜ್ಜಿ ತಿರುಗಿ ನೋಡಿದರೆ ಹಿಂದೆ ಮೊಮ್ಮಗಳು! ಮಗು ನಡೆದು ಬಂತು, ತಾನು ಹುಡುಕಿಕೊಂಡು ಬಂದೆ ಎಂದಲ್ಲದೆ ಅವಳು ಬೇರೇನು ತಿಳಿಯಬೇಕಿತ್ತು? ಲಾಡಿ ಜಗ್ಗಿದಾಗಲೆಲ್ಲ ಎದ್ದು ಕುಳಿತಿರುತ್ತಿದ್ದವಳು ಅಜ್ಜಿ. ಮಲಗಿರುತ್ತಿದ್ದವಳು ತಾನು. ಇಷ್ಟು ವರ್ಷ ಯಾರೂ ಇದನ್ನು ತಿರುಗಿಸಿ ನೋಡಿರಲಿಲ್ಲ.

ಅವಳು ಹೆಜ್ಜೆಗಳ ಪಕ್ಕದಲ್ಲೇ ತುದಿಗಾಲಲ್ಲಿ ನಡೆದಳು. ಹೆಜ್ಜೆ ಹಿತ್ತಿಲ ಬಾಗಿಲಿಗೆ ಹೋಗಿತ್ತು. ಚಿಲಕ ತೆಗೆದಿತ್ತು. ಹೊರಗಿನ ಮೆಟ್ಟಿಲ ಮೇಲೆ ಒಂದೇ ಒಂದು ಬಿಳಿ ಗುರುತು, ಕಾಲುವೆಯ ಕಡೆಗೆ ಮುಖ ಮಾಡಿದ್ದು.

ಅಮ್ಮನ ಕೈ ಹಿಡಿದು ಎಳೆತಂದು ತೋರಿಸಿದಳು. ಅಮ್ಮ ನೆಲ ನೋಡಿದಳು, ಅತ್ತೆಯ ಕಾಲು ನೋಡಿದಳು, ಮಗಳ ಕಾಲು ನೋಡಿದಳು. ಒದ್ದೆ ಬಟ್ಟೆ ತಂದು ಮೆಟ್ಟಿಲಿನಿಂದ ಹಿಡಿದು ಮಂಚದವರೆಗೆ ಒರೆಸಿದಳು. ಆಮೇಲೆ ಉಗುರುಬೆಚ್ಚನೆಯ ನೀರಲ್ಲಿ ಇನ್ನೊಂದು ಬಟ್ಟೆ ಅದ್ದಿ ಅಜ್ಜಿಯ ಅಂಗಾಲು ಒರೆಸತೊಡಗಿದಳು.

ಅಜ್ಜಿ ಥಟ್ಟನೆ ಎದ್ದಳು. "ಏನೇ ಇದು?"

"ಹಿಮ್ಮಡಿ ಒಡೆದಿದೆ ಅತ್ತೆ. ತೊಳೆದು ಎಣ್ಣೆ ಹಚ್ಚೋಣ ಅಂತ."

"ಇಪ್ಪತ್ತು ವರ್ಷದಿಂದ ಒಡೆದಿದೆ. ಇವತ್ತು ಕಣ್ಣಿಗೆ ಬಿತ್ತಾ?" ಅಜ್ಜಿ ಅನುಮಾನದಿಂದ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನು ಬೇಕಿತ್ತು ಹೇಳು, ಕಾಲು ಹಿಡಿಯೋ ಅಷ್ಟು?"

ಅಜ್ಜಿ ಸ್ನಾನಕ್ಕೆ ಹೋದ ಮೇಲೆ ಮೂವರೂ ಅಡುಗೆಮನೆಯಲ್ಲಿ ಸೇರಿದರು. ಕುಕ್ಕರಿನ ಸದ್ದಿನ ಮರೆಯಲ್ಲಿ ಪಿಸುಮಾತು.

"ಹೇಳ್ಬಿಡೋಣ," ಎಂದ ಅಪ್ಪ. "ನಮ್ಮಮ್ಮ ಗಟ್ಟಿ ಹೆಂಗಸು. ತಡ್ಕೊಳ್ತಾಳೆ."

"ಏನಂತ ಹೇಳ್ತೀರಾ? ನಿಮ್ಮ ಮೊಮ್ಮಗಳನ್ನ ನೀರಿಗೆ ಕರ್ಕೊಂಡು ಹೋದವ್ರು ನೀವೇ ಅಂತಾನಾ?" ಅಮ್ಮನ ಕಣ್ಣಲ್ಲಿ ನೀರಿತ್ತು, ಧ್ವನಿಯಲ್ಲಿ ಮಾತ್ರ ಸಿಟ್ಟು. "ಆ ಮಗೂನ ಉಳಿಸಿದೆ ಅನ್ನೋ ಒಂದು ಮಾತಿನ ಮೇಲೆ ಹನ್ನೊಂದು ವರ್ಷ ಬದುಕಿದ್ದಾರೆ. ಅದನ್ನ ಕಿತ್ಕೊಂಡ್ರೆ ಇನ್ನು ಮಲಗ್ತಾರಾ, ಉಣ್ತಾರಾ?"

"ಮತ್ತೆ ನಾನು ಹೋದ್ರೆ ಅಜ್ಜೀನ ಯಾರು ಹಿಡೀತಾರೆ?" ಎಂದಳು ಕಡ್ಡಿ. ಅಷ್ಟು ಹೊತ್ತೂ ಅವಳ ತಲೆಯಲ್ಲಿದ್ದದ್ದು ಅದೊಂದೇ. ಮೂರನೇ ಮಹಡಿ ಈಗ ಆಟಿಕೆಯಂತೆ ಕಾಣುತ್ತಿತ್ತು. ತೆರೆದ ಚಿಲಕ, ಮೆಟ್ಟಿಲ ಮೇಲಿನ ಗುರುತು, ಕಾಲುವೆಯ ಕಪ್ಪು ನೀರು ಕಣ್ಣಿನಿಂದ ಹೋಗುತ್ತಿರಲಿಲ್ಲ. "ನಾನು ಹೋಗಲ್ಲ ಅಮ್ಮಾ. ಇಲ್ಲೇ ಓದ್ತೀನಿ. ನನ್ನ ಕೈಗೆ ಕಟ್ಕೊಂಡು ಮಲಗ್ಲಿ."

ಅಮ್ಮ ಕುಕ್ಕರ್ ಇಳಿಸಿದಳು, ಅಷ್ಟೇ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ಅಮ್ಮ ತಟ್ಟೆಯಿಂದ ಕೈ ತೆಗೆದು ಹಣೆ ಒತ್ತಿಕೊಂಡಳು. "ಅತ್ತೆ, ಒಂದು ವಿಷ್ಯ ಹೇಳ್ಬೇಕು. ನಗ್ಬಾರ್ದು."

"ನೀನು ಹೇಳೋದ್ರಲ್ಲಿ ನಗು ಬರೋದು ಯಾವಾಗ? ಹೇಳು."

"ಟ್ರಂಕು ಖಾಲಿ ಮಾಡ್ತಿದ್ದದ್ದು ನಿಮ್ಮ ಮೊಮ್ಮಗಳಲ್ಲ. ನಾನು. ಇವತ್ತು ಬೆಳಗ್ಗೆ ಕಣ್ಣು ಬಿಟ್ರೆ ಹಿತ್ತಿಲ ಬಾಗಿಲಲ್ಲಿ ನಿಂತಿದ್ದೀನಿ, ಕೈಯಲ್ಲಿ ಅವಳ ಪುಸ್ತಕ. ಹೆಂಗೆ ಬಂದೆ ಅಂತ ಗೊತ್ತೇ ಇಲ್ಲ."

ಅಪ್ಪನಿಗೆ ನೆತ್ತಿಗೆ ಹತ್ತಿತು. ಕಡ್ಡಿ ತಟ್ಟೆ ನೋಡುತ್ತ ಕುಳಿತಳು. ಅಜ್ಜಿ ಮಾತ್ರ ತುತ್ತನ್ನು ಅರ್ಧದಲ್ಲೇ ಹಿಡಿದು, ನಿಧಾನವಾಗಿ ಮಗನ ಕಡೆ ತಿರುಗಿದಳು. ಎಷ್ಟೋ ವರ್ಷದಿಂದ ಕಾದಿದ್ದ ತೀರ್ಪು ಬಂದವರ ಕಳೆ ಆ ಮುಖದಲ್ಲಿ.

"ನಾನು ಅವತ್ತೇ ಹೇಳಿರ್ಲಿಲ್ವೇನೋ? ಇದು ನಮ್ಮ ಕಡೆಯದಲ್ಲ, ಇವಳ ತವರಿನ ಕಡೆಯಿಂದ ಬಂದದ್ದು ಅಂತ! ನಮ್ಮ ವಂಶದಲ್ಲಿ ಎಚ್ಚರವಿದ್ದಾಗಲೇ ಯಾರೂ ಸರಿಯಾಗಿ ನಡೆಯಲ್ಲ, ಇನ್ನು ನಿದ್ದೇಲಿ!"

"ಹೌದತ್ತೆ," ಎಂದಳು ಅಮ್ಮ, ತಲೆ ತಗ್ಗಿಸಿ. "ಇವರ ನಿದ್ದೆ ನಿಮಗೆ ಗೊತ್ತಲ್ಲ, ಮನೆ ಬಿದ್ರೂ ಏಳಲ್ಲ. ಇವಳು ಹೋದ್ಮೇಲೆ ನಾನು ನಿಮ್ಮ ಹತ್ರಾನೇ ಮಲಗ್ತೀನಿ. ನನ್ನನ್ನ ಕಟ್ಕೊಳ್ತೀರಾ?"

ಅಜ್ಜಿ ತುತ್ತನ್ನು ತಟ್ಟೆಗೆ ಇಳಿಸಿದಳು. ಸೊಸೆ ಮನೆಗೆ ಬಂದ ಮೇಲೆ ಇಂಥದ್ದೊಂದನ್ನು ತನ್ನಲ್ಲಿ ಕೇಳಿದ್ದು ಇದೇ ಮೊದಲು. ಎಡಗೈ ಚಾಚಿ ಸೊಸೆಯ ಮಣಿಕಟ್ಟನ್ನು ಹಿಡಿದು, ದಪ್ಪ ಎಷ್ಟಿದೆ ಎಂದು ಅಳೆಯುವಂತೆ ಬೆರಳು ಸುತ್ತಿದಳು. "ನಿನಗೆ ಉದ್ದ ಲಾಡಿ ಬೇಕಾಗುತ್ತೆ," ಎಂದಳು. "ಉಣ್ಣು, ಹೆದರ್ಬೇಡ. ನಾನಿದ್ದೀನಲ್ಲ."

ಭಾನುವಾರ ಕಡ್ಡಿ ಹೊರಟಳು. ಹಾಸ್ಟೆಲ್ಲಿನಲ್ಲಿ ಟ್ರಂಕು ಮಂಚದ ಕೆಳಗೆ ಕೂದಲೆಳೆಯಷ್ಟೂ ಉಳಿಯದಂತೆ ಸರಿಯಾಗಿ ಜಾರಿತು. ಬಾಲ್ಕನಿ ಬಾಗಿಲ ಹತ್ತಿರದ ಮಂಚವೇ ಉಳಿದಿತ್ತು. ಆಗಲೇ ಬಂದಿದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳಿಗೆ ದಪ್ಪ ಕನ್ನಡಕ. ಇನ್ನೊಬ್ಬಳು ತಂದಿದ್ದ ಚೀಲಗಳು ಅವಳ ಮಂಚದಲ್ಲಿ ಹಿಡಿಸದೆ ನಡುದಾರಿಗೆ ಬಂದಿದ್ದವು. ಕಡ್ಡಿ ಅವರಿಗೆ ಎಲ್ಲವನ್ನೂ ಹೇಳಲಿಲ್ಲ. "ನಾನೇನಾದ್ರೂ ನಿದ್ದೇಲಿ ಎದ್ದರೆ ಜೋರಾಗಿ ಕೂಗಿ," ಎಂದಳು ಅಷ್ಟೇ. ಅಜ್ಜಿಯ ಹಿಂದೆ ಒಮ್ಮೆ ಹೋದವಳು ತಾನು. ತನ್ನ ಕಾಲಿನ ಮೇಲೆ ಪೂರ್ತಿ ನಂಬಿಕೆ ಇನ್ನೂ ಬಂದಿರಲಿಲ್ಲ.

"ಈ ರೂಮಲ್ಲಿ ಎದ್ರೆ ನೀನು ನನ್ನ ಮೇಲೇ ಬೀಳೋದು," ಎಂದಳು ಕನ್ನಡಕದವಳು. "ಕೂಗದೆ ಏನ್ಮಾಡ್ಲಿ?"

ಮಾರನೆಯ ಬೆಳಗ್ಗೆ ಹಲ್ಲುಜ್ಜುವ ಸಾಲಿನಲ್ಲಿ ನಿಂತಿದ್ದಾಗ ಫೋನ್ ಬಂತು. ಅಮ್ಮ. ಧ್ವನಿ ತಗ್ಗಿಸಿ, ಬಾಯಿಗೆ ಸೆರಗು ಅಡ್ಡ ಹಿಡಿದಂತೆ ಮಾತಾಡುತ್ತಿದ್ದಳು.

"ಮಲಗಿದ್ಯಾ?"

"ಮಲಗಿದಲ್ಲೇ ಎದ್ದೆ. ಅಜ್ಜಿ?"

"ಎದ್ದಿದ್ರು. ನನ್ನನ್ನ ಎಳ್ಕೊಂಡು ಹಿತ್ತಿಲ ಬಾಗಿಲವರೆಗೂ ಹೋದ್ರು. ಎತ್ತಿನ ಬಲ ಕಣೇ ನಿಮ್ಮಜ್ಜಿಗೆ. ಕೈ ನೀಲಿ ಆಗಿದೆ. ನಿಮ್ಮಪ್ಪ ಮೇಲೊಂದು ಚಿಲಕ ಹಾಕಿದ್ರಲ್ಲ, ಅದನ್ನೂ ಹುಡುಕ್ತಾ ಕೈ ಎತ್ತಿದ್ರು. ಹೆಸರು ಹಿಡಿದು ಕರೆಯೋಕೆ ಬಾಯಿ ಬರ್ಲಿಲ್ಲ. 'ಅತ್ತೆ, ನಾನು ಎಲ್ಲಿಗೆ ಬಂದ್ಬಿಟ್ಟೆ?' ಅಂತ ಅಳೋಕೆ ಶುರು ಮಾಡ್ದೆ. ಆಗ ಎಚ್ಚರ ಆದ್ರು."

ಕಡ್ಡಿ ತಣ್ಣನೆಯ ಗೋಡೆಗೆ ಒರಗಿದಳು. "ಅಮ್ಮಾ, ನಿಂಗೆ ಒಂದು ದಿನ ಗಾಢ ನಿದ್ದೆ ಬಂದ್ಬಿಟ್ರೆ?"

"ಬರಲ್ಲ."

"ನಾನು ಬರ್ತೀನಿ."

"ಬಂದ್ರೆ ಕಾಲು ಮುರೀತೀನಿ," ಎಂದಳು ಅಮ್ಮ, ಅದೇ ಪಿಸುಧ್ವನಿಯಲ್ಲಿ. ಅಷ್ಟರಲ್ಲಿ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿತು. ಫೋನ್ ಕೈ ಬದಲಾಯಿತು.

"ಮಗಾ," ಎಂದಳು ಅಜ್ಜಿ. ಅವಳ ಧ್ವನಿ ಯಾವತ್ತಿಗಿಂತ ಗಟ್ಟಿಯಾಗಿತ್ತು. "ನಿಮ್ಮಮ್ಮನ ವಿಷ್ಯ ಕೇಳ್ದ್ಯಾ? ಬೆಳಕು ಹರಿಯೋಕೆ ಮುಂಚೆ ಹಿತ್ತಿಲ ಬಾಗಿಲ ಹತ್ರ ನಿಂತಿದ್ದಾಳೆ, ಪಾಪ, ಮಗು ಹಾಗೆ ಅಳ್ತಾ. ನಾನು ಜೊತೇಲಿ ಇರದೇ ಹೋಗಿದ್ರೆ ಏನ್ ಗತಿ ಹೇಳು. ನೀನು ಯೋಚ್ನೆ ಮಾಡ್ಬೇಡ, ಓದ್ಕೋ. ನಾನು ಬಿಡಲ್ಲ ಇವಳನ್ನ."

ಸಾಲು ಮುಂದೆ ಸರಿಯಿತು. ಹಿಂದಿದ್ದವರು ಬೆನ್ನು ತಟ್ಟಿದರು. ಕಡ್ಡಿ ಕದಲಲಿಲ್ಲ.

"ಹೂಂ ಅಜ್ಜಿ," ಎಂದಳು. "ಗಟ್ಟಿಯಾಗಿ ಹಿಡ್ಕೋ. ನಿದ್ದೆ ಬಂದ್ರೂ ಬಿಡ್ಬೇಡ."